ಹಗೇವಿನಲ್ಲಿ ಉಬ್ಬಿದ ಈರಬೋರ

ಒಂದಾನೊಂದು ಊರಿನಲ್ಲಿ, ಅಂದರೆ ಇಲ್ಲಿಂದ ಮೂರು ಕೂಗಳತೆ ದಾಟಿ, ನಾಲ್ಕನೆಯ ಕೂಗು ಯಾರಿಗೂ ಕೇಳಿಸದ ಜಾಗದಲ್ಲಿ, ಈರಬೋರ ಅಂತ ಒಬ್ಬ ಇದ್ದ. ಮುಂದಿನಿಂದ ನೋಡಿದರೆ ಇದ್ದ. ಪಕ್ಕದಿಂದ ನೋಡಿದರೆ ಇರಲಿಲ್ಲ. ಅಷ್ಟು ತೆಳ್ಳಗಿದ್ದ.

ಅವನಿಗೆ ಅದೇ ಜಂಬ. "ನೀವೆಲ್ಲ ಬಾಗಿಲು ತೆಗೆದು ಮನೆಯೊಳಕ್ಕೆ ಹೋಗ್ತೀರ. ನಾನು ಬೀಗದ ಕಂಡೀಲಿ ತೂರಿಹೋಗಿ ಒಳಗಿನಿಂದ ಬಾಗಿಲು ತೆಗೀತೀನಿ. ತಾಕತ್ತಿದ್ರೆ ಬನ್ರಲಾ!" ಅಂತ ಕಟ್ಟೆಯ ಮೇಲೆ ಕೂತು ಮೀಸೆ ತಿರುವುತ್ತಿದ್ದ. ಮೀಸೆಯ ಭಾರಕ್ಕೆ ಒಂದು ಪಕ್ಕಕ್ಕೆ ವಾಲುತ್ತಿದ್ದ. ಅವನ ಹೆಂಡತಿ ಚಿಕ್ಕತಾಯಿ ಬಂದು ನೆಟ್ಟಗೆ ನಿಲ್ಲಿಸಿ ಹೋಗುತ್ತಿದ್ದಳು.

ಊರಿನ ಹೆಸರು ಹೂಂಗುಟ್ಟನಹಳ್ಳಿ. ಊರಿನ ರಾಗಿಯೆಲ್ಲ ಇರುತ್ತಿದ್ದದ್ದು ಒಂದೇ ಹಗೇವಿನಲ್ಲಿ. ಹಗೇವು ಅಂದರೆ ಮಣ್ಣೊಳಗೆ ದೊಡ್ಡ ಗುಡಾಣದ ಹಾಗೆ ತೋಡಿದ ಕಣಜ. ಹೊಟ್ಟೆ ಅಗಲ, ಬಾಯಿ ಕಿರಿದು. ಬಿತ್ತನೆ ಹೊತ್ತಿಗೆ ಒಬ್ಬ ಒಳಗಿಳಿದು ಬೀಜದ ರಾಗಿಯನ್ನು ಬುಟ್ಟಿಗೆ ತುಂಬಿ ಮೇಲಕ್ಕೆ ಕೊಡಬೇಕು. ಒಳಗಿನ ಗಾಳಿ ಕೆಟ್ಟಿದೆಯೇ ಅಂತ ನೋಡಲು ಮೊದಲು ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡುತ್ತಾರೆ. ದೀಪ ಆರದಿದ್ದರೆ ಈರಬೋರ ಇಳಿಯುತ್ತಾನೆ. ಏಳು ತಲೆಮಾರಿನಿಂದ ಅವನ ಮನೆಯವರದೇ ಆ ಕೆಲಸ. ಇಳಿದವನು ಮೇಲೆ ಬರುವ ತನಕ ಒಂದು ತುತ್ತೂ ತಿನ್ನಬಾರದು, ಎಂಜಲು ಬಿದ್ದ ಬೀಜ ಮೊಳೆಯದು ಅಂತ ಕಟ್ಟಳೆ. ಏಳು ತಲೆಮಾರಿನಲ್ಲಿ ಒಬ್ಬನೇ ಒಬ್ಬ ಒಂದು ಕಾಳು ಬಾಯಿಗೆ ಹಾಕಿಕೊಂಡಿದ್ದರೆ ಕೇಳಿ.

ಆ ಸೀಮೆಗೊಬ್ಬ ರಾಜ, ದುಂಡರಾಯ. ಅವನಿಗೆ ಯುದ್ಧ ಬೇಡ, ಬೇಟೆ ಬೇಡ. ಎಲ್ಲವೂ ದುಂಡಗಿರಬೇಕು, ಅಷ್ಟೇ ಸಾಕು. ರೊಟ್ಟಿ ಸೊಟ್ಟಗಿದ್ದರೆ ಅಡುಗೆಯವನನ್ನು ಅರಮನೆಯ ಸುತ್ತ ಓಡಿಸುತ್ತಿದ್ದ. ತನ್ನ ರಾಜ್ಯದಲ್ಲಿ ಎಲ್ಲಕ್ಕಿಂತ ದುಂಡಗಿರುವುದು ಯಾವುದು ಅಂತ ಹನ್ನೆರಡು ವರ್ಷ ಹುಡುಕಿಸಿದ. ಕೊನೆಗೆ ಸಿಕ್ಕಿದ್ದು ಹೂಂಗುಟ್ಟನಹಳ್ಳಿಯ ಹಗೇವಿನ ಬಾಯಿ. ಅದನ್ನು ನೋಡಿ ರಾಜ ಬಿಕ್ಕಿ ಬಿಕ್ಕಿ ಅತ್ತ. ಅಳು ನಿಂತ ಮೇಲೆ ಅಕ್ಕಸಾಲಿಯನ್ನು ಕರೆಸಿದ.

"ನನ್ನ ಹೊಸ ಕಿರೀಟಕ್ಕೆ ಇದೇ ಅಳತೆ."

"ಬುದ್ಧಿ, ತಮ್ಮ ತಲೆ..."

"ತಲೆ ದುಂಡಗಿಲ್ಲ. ಅದರ ಮಾತು ಬಿಡು."

ಕಿರೀಟ ತಯಾರಾಯಿತು. ರಾಜ ತಲೆಯ ಮೇಲಿಟ್ಟ. ಅದು ಮೂಗು ದಾಟಿತು. ಭುಜ ದಾಟಿತು. ಸೊಂಟದ ಹತ್ತಿರ ಬಂದು ಸುಸ್ತಾಗಿ ನಿಂತಿತು. ಆಸ್ಥಾನವೆಲ್ಲ ಹೌಹಾರಿತು. ರಾಜ ಹೌಹಾರಲಿಲ್ಲ. "ಕಿರೀಟ ಎಲ್ಲಿ ನಿಲ್ಲುತ್ತದೋ ಅದೇ ರಾಜನ ತಲೆ" ಅಂದ. ಅವತ್ತಿನಿಂದ ಜನ ಅವನ ಸೊಂಟಕ್ಕೆ ಕೈಮುಗಿದರು, ಹೊಕ್ಕುಳಿಗೆ ಕುಂಕುಮ ಇಟ್ಟರು.

ಹಿಂದೆಯೇ ಡಂಗುರ ಸಾರಿಸಿದ. "ಹಗೇವಿನ ಬಾಯಿ ಯಾವತ್ತೂ ಕಿರೀಟದಷ್ಟೇ ಇರತಕ್ಕದ್ದು. ಒಂದು ಎಳ್ಳಿನಷ್ಟು ಹೆಚ್ಚು ಕಡಿಮೆಯಾದರೂ ಊರಿಗೆ ಊರೇ ಗಡೀಪಾರು!"

ಈರಬೋರ ಆ ವರ್ಷ ಹಗೇವಿಗೆ ಇಳಿದ ದಿನವೇ ರಾಜ ಕಿರೀಟ ಹೊತ್ತು, ಅಂದರೆ ಉಟ್ಟು, ಅಳತೆ ನೋಡಲು ಬಂದ. ರಾಜ ಬಂದ ಅಂತ ಊರೂ ಬಂತು. ಬೇರೆ ವರ್ಷ ಹಗೇವಿನ ಹತ್ತಿರ ಸುಳಿಯುತ್ತಿದ್ದವರು ನಾಲ್ಕೇ ಜನ. ಈ ವರ್ಷ ಮುನ್ನೂರ ಹನ್ನೆರಡು ಜನ. ಒಬ್ಬೊಬ್ಬರೂ ಬಾಯಿಗೆ ಬಗ್ಗಿ ಒಳಗಿದ್ದವನನ್ನು ಮಾತಾಡಿಸಿದರು. ಮಾತಾಡಿಸದೆ ಹೋಗುವುದಕ್ಕೆ ಅವರೇನು ಬೇರೆ ಊರಿನವರೇ?

"ಏನ್ ಈರಬೋರ, ಊಟ ಆಯ್ತಾ?"

"ಆಯ್ತು ಕಣಣ್ಣ. ನಿಮ್ದು?"

"ಈರಬೋರಣ್ಣ, ಊಟ ಆಯ್ತಾ?"

"ಆಯ್ತು ಕಣವ್ವ. ನಿಂದು?"

ಮುನ್ನೂರ ಹನ್ನೆರಡು ಜನ. ಮುನ್ನೂರ ಹನ್ನೆರಡು ಸಲ. ನಡುವೆ ಬುಟ್ಟಿಯ ಮೇಲೆ ಬುಟ್ಟಿ ತುಂಬಿ ಕೊಟ್ಟ. ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಬೀಜವೆಲ್ಲ ಮೇಲೆ ಬಂದಿತ್ತು. "ಎಳ್ಕೊಳ್ರಲಾ!" ಅಂದ. ಎಳೆದರು. ತಲೆ ಬಂತು. ಭುಜ ಬಂತು. ಸೊಂಟ ಬರಲಿಲ್ಲ.

"ಎಳೀರಲಾ, ಊಟ ಮಾಡಿಲ್ವಾ?" ಅಂದ ಈರಬೋರ.

"ಎಳೀತಾನೇ ಇದೀವಲ್ಲಪ್ಪಾ!"

ಎಳೆದ ರಭಸಕ್ಕೆ ಹಗ್ಗ ಜಾರಿತು. ಈರಬೋರ ದೊಪ್ಪನೆ ಕೆಳಗೆ ಬಿದ್ದ. ಬಿದ್ದವನಿಗೆ ನೋವಾಗಲಿಲ್ಲ. ಮೆತ್ತಗಿತ್ತು. ಕತ್ತಲಲ್ಲಿ ಕೈಯಾಡಿಸಿದ. ಯಾರದೋ ಹೊಟ್ಟೆ ಸಿಕ್ಕಿತು. ದೊಡ್ಡ ಹೊಟ್ಟೆ.

"ಯಾರಯ್ಯಾ ಅದು? ನನ್ ಹಗೇವಿಗೆ ನನ್ನ ಕೇಳ್ದೆ ಇಳ್ದೋನು?"

ಸಿಟ್ಟು ಬಂದು ಆ ಹೊಟ್ಟೆಗೆ ಒಂದು ಗುದ್ದಿದ. ಅವನಿಗೇ ನೋವಾಯಿತು. ಆಗ ಗೊತ್ತಾಯಿತು. ಆ ಹೊಟ್ಟೆ ಅವನದೇ.

"ಅಯ್ಯಯ್ಯೋ!" ಅಂತ ಕಿರುಚಿದ. ಅವನ ಸೊಂಟದ ಉಡಿದಾರವೂ "ಅಯ್ಯಯ್ಯೋ!" ಅಂತ ಕಿರುಚಿತು. ಉಡಿದಾರ ಮಾತಾಡಿದ್ದು ಕೇಳಿ ಮೇಲೆ ಮುನ್ನೂರ ಹನ್ನೆರಡು ಜನ "ಅಯ್ಯಯ್ಯೋ!" ಅಂದರು. ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡು ಸೊಂಟದಲ್ಲಿದ್ದ ದಾರ, ಮಾತಾಡುವಷ್ಟು ಬಿಗಿದಿತ್ತು.

ರಾಜ ಬಗ್ಗಿ ನೋಡಿದ. "ತೆಳ್ಳಗೆ ಇಳಿದವನು ದಪ್ಪಗಾದ. ಒಳಗಿದ್ದದ್ದು ರಾಗಿ. ಇನ್ನು ಹೇಳುವುದೇನಿದೆ? ಕಳ್ಳ!"

ಆ ಮಾತು ಕೇಳಿ ಈರಬೋರನಿಗೆ ಹೊಟ್ಟೆಯ ಚಿಂತೆ ಮರೆತುಹೋಯಿತು. "ಬುದ್ಧಿ! ಏಳು ತಲೆಮಾರು! ಒಂದು ಕಾಳು ಮುಟ್ಟಿಲ್ಲ! ನಮ್ಮಪ್ಪನ ಮೇಲಾಣೆ, ಅವರಪ್ಪನ ಮೇಲಾಣೆ..." ಅಂತ ಏಳನೆಯ ಅಪ್ಪನ ತನಕ ಹೋದ.

ಆಗ ರಾಗಿ ಅಳೆಯುವ ಕೊಳಗ ಮುಂದೆ ಬಂತು. ಅದೂ ಮಾತಾಡಿತು. ಉಡಿದಾರವೇ ಮಾತಾಡಿದ ಮೇಲೆ ಕೊಳಗಕ್ಕೇನು? "ಬುದ್ಧಿ, ನನ್ನ ಇಳಿಬಿಡಿ. ಅಳೆದು ನೋಡ್ತೀನಿ" ಅಂದಿತು. ಇಳಿಬಿಟ್ಟರು. ಒಳಗೆಲ್ಲ ಅಳೆದು ಮೇಲೆ ಬಂತು. "ಎಷ್ಟಿರಬೇಕೋ ಅಷ್ಟಿದೆ. ಒಂದು ಕಾಳೂ ಕಮ್ಮಿ ಇಲ್ಲ."

"ಹಾಗಾದರೆ ಮೈಗಳ್ಳ. ಕೂತು ಕೂತು ಊದಿದ್ದಾನೆ."

"ಇನ್ನೂರು ಬುಟ್ಟಿ ತುಂಬಿ ತಲೆ ಮೇಲೆ ಎತ್ತಿ ಕೊಟ್ಟವನೆ. ಅವನು ಮೈಗಳ್ಳ ಅಂದ್ರೆ ನನ್ನ ಕಂಠ ಒಡೆದುಹೋಗ್ಲಿ."

ರಾಜನ ಮುಖ ಕೆಂಪಾಯಿತು. "ತಿಂದಿಲ್ಲ ಅಂತೀಯ. ಕೂತಿಲ್ಲ ಅಂತೀಯ. ದಪ್ಪಗಾಗಲು ಮೂರನೆಯ ಕಾರಣ ಲೋಕದಲ್ಲಿಲ್ಲ. ಆದ್ದರಿಂದ ಅವನೂ ಸುಳ್ಳ, ನೀನೂ ಸುಳ್ಳ!" ಕೊಳಗವನ್ನು ಬೋರಲು ಹಾಕಿಸಿದ. ಕೊಳಗಕ್ಕೆ ಅದೇ ಜೈಲು.

"ಕೇಳಿ! ಮಳೆ ಮೋಡ ಕಟ್ಟುತ್ತಿದೆ. ಹಗೇವಿಗೆ ನೀರಿಳಿದರೆ ಊರಿನ ರಾಗಿ ಕೊಳೆತುಹೋಗುತ್ತದೆ. ನಾಡಿದ್ದು ಮಧ್ಯಾಹ್ನಕ್ಕೆ ಮುಚ್ಚುಗಲ್ಲು ಹಾಕಿ ಮಣ್ಣು ಮೆತ್ತುತ್ತೇವೆ. ಅಷ್ಟರೊಳಗೆ ಇವನು ಬಂದರೆ ಬಂದ. ಇಲ್ಲದಿದ್ದರೆ ಒಳಗೇ!"

ಚಿಕ್ಕತಾಯಿ ರಾಜನ ಸೊಂಟಕ್ಕೆ ಬಿದ್ದು ಬೇಡಿಕೊಂಡಳು. "ಬುದ್ಧಿ, ಬಾಯಿ ಒಂದ್ ನಾಲ್ಕು ಬೆರಳು ಅಗಲ ಮಾಡಿಸಿ. ನನ್ ಗಂಡ ಉಳ್ಕೋತಾನೆ."

"ಕಿರೀಟ ನಾಲ್ಕು ಬೆರಳು ಅಗಲ ಆದಾಗ ಬಾ" ಅಂದ ರಾಜ.

ಮಾರನೆಯ ದಿನ ಲೇಹ್ಯದ ಪಂಡಿತರು ಬಂದರು. ಅವರು ಹಗೇವಿನ ಬಾಯಿಗೆ ಮೂಗಿಟ್ಟು ಮೂಸಿ ನೋಡಿದರು. ಮೂಸಿ, ತಾವೇ ಬೆಚ್ಚಿದರು.

"ಬುದ್ಧಿ, ದಪ್ಪಗಾಗಲು ಮೂರನೆಯ ಕಾರಣ ಇಲ್ಲ ಅಂದವರು ಯಾರು? ಹದಿನೇಳು ಕಾರಣ ಇವೆ! ಮೊದಲನೆಯದು ನಿದ್ದೆ. ಅವನಿಗೆ ರಾತ್ರಿ ನಿದ್ದೆ ಬಂದಿಲ್ಲ. ಬಾರದ ನಿದ್ದೆ ಎಲ್ಲಿ ಹೋಗಬೇಕು? ಸೊಂಟದಲ್ಲಿ ಕೂತಿದೆ."

ಊರಿನ ಅಜ್ಜಿಯರೆಲ್ಲ ಸುತ್ತ ಕೂತು ಜೋಗುಳ ಹಾಡಿದರು. ರಾಜ ನಿದ್ದೆ ಹೋದ. ಪಂಡಿತರು ನಿದ್ದೆ ಹೋದರು. ಅಜ್ಜಿಯರೂ ನಿದ್ದೆ ಹೋದರು. ಈರಬೋರ ಮಾತ್ರ ಎದ್ದಿದ್ದ. ತಲೆಯ ಮೇಲೆ ಕಲ್ಲು ಬೀಳುತ್ತದೆ ಅಂತ ಗೊತ್ತಿರುವವನಿಗೆ ಯಾವ ಜೋಗುಳ ನಾಟುತ್ತದೆ?

ಎದ್ದ ಮೇಲೆ ಪಂಡಿತರು ಎರಡನೆಯದು ಹೇಳಿದರು. "ವಂಶ! ಇವನ ತಾಯಿಯ ತಂದೆ ದಪ್ಪಗಿದ್ದರೇ?"

ಇದ್ದರು. ಅವರು ಕೂತ ಎತ್ತಿನಗಾಡಿಗೆ ಎತ್ತು ಮುಂದೆ ಕಟ್ಟಿದರೂ ಗಾಡಿ ಹಿಂದಕ್ಕೆ ಹೋಗುತ್ತಿತ್ತು. ಅವರ ಹಳೆಯ ಅಂಗಿಯನ್ನು ಪೆಟ್ಟಿಗೆಯಿಂದ ತೆಗೆದು ತಂದು ಕೇಳಿದರು. ಅಂಗಿ ತೋಳು ಜಾಡಿಸಿಕೊಂಡು ಹೇಳಿತು. "ನಮ್ ಯಜಮಾನ್ರು ಹೋದ್ರು. ಹೊಟ್ಟೆ ಹೋಗ್ಲಿಲ್ಲ. ಮೂವತ್ತು ವರ್ಷದಿಂದ ಮೊಮ್ಮಕ್ಕಳ ಮನೆ ಹುಡುಕ್ತಾ ಅಲೀತಿತ್ತು. ಇವನು ಪಕ್ಕದಿಂದ ಕಾಣ್ತಿರ್ಲಿಲ್ವಲ್ಲ, ಅದಕ್ಕೇ ಲೇಟು."

"ನೋಡಿದಿರಾ!" ಅಂದರು ಪಂಡಿತರು. "ಸ್ವಲ್ಪ ಅಜ್ಜನದು. ಸ್ವಲ್ಪ ನಿದ್ದೆಯದು. ಸ್ವಲ್ಪ ಚಿಂತೆಯದು. ಅದಕ್ಕೆಲ್ಲ ನನ್ನ ಹತ್ತಿರ ಸಣ್ಣಗಾಗುವ ಲೇಹ್ಯ ಇದೆ."

"ತಿನ್ನೋ ಹಾಗಿಲ್ಲ ಸ್ವಾಮಿ, ಕಟ್ಟಳೆ" ಅಂತ ಒಳಗಿನಿಂದ ಈರಬೋರ ಕೂಗಿದ.

"ಔಷಧ ತಿನ್ನುವುದಲ್ಲವಪ್ಪ. ಮೈಗೆ ಹಚ್ಚಿಕೋ."

ಹಚ್ಚಿಕೊಂಡ. ಹಚ್ಚಿಕೊಂಡ ಕಡೆಯೆಲ್ಲ ಎರಡೆರಡು ಬೆರಳು ಉಬ್ಬಿದ. ಪಂಡಿತರು ಬೆವೆತರು. "ಇದು ಹದಿನೇಳರಲ್ಲಿ ಒಂಬತ್ತನೆಯ ಕಾರಣ. ಔಷಧದಿಂದಲೂ ಊದುವುದುಂಟು. ಮರೆತೇಬಿಟ್ಟಿದ್ದೆ" ಅಂದವರೇ ಲೇಹ್ಯದ ಭರಣಿ ಬಗಲಿಗಿಟ್ಟು ಹಿಂತಿರುಗಿ ನೋಡದೆ ನಡೆದರು.

ಅಷ್ಟರಲ್ಲಿ ಸುದ್ದಿ ಹಬ್ಬಿತ್ತು. ಏನೂ ತಿನ್ನದೆ ದಪ್ಪಗಾಗುವವನನ್ನು ನೋಡಲು ಏಳು ಹಳ್ಳಿಯ ಜನ ಬಂದರು. ಬಗ್ಗಿದರು. ನೋಡಿ ಹೌಹಾರಿದರು. ಹೌಹಾರಿದರೂ ಮರ್ಯಾದೆ ಬಿಡಲಿಲ್ಲ.

"ಅಯ್ಯೋ ಶಿವನೇ, ಹಿಂಗಾಗೋಯ್ತಾ ನಿನ್ ಗತಿ! ಊಟ ಆಯ್ತಾಪ್ಪಾ?"

"ಆಯ್ತು ಕಣಣ್ಣ. ನಿಮ್ದು?"

"ಅಯ್ಯೋ!" ಅಂದಿತು ಉಡಿದಾರ.

ಮೂರನೆಯ ದಿನ. ಬೆಳಿಗ್ಗೆಯೇ ಮೋಡ ಕಪ್ಪಾಗಿತ್ತು. ಮಣ್ಣು ಕಲಸುವವರು ಮಣ್ಣು ಕಲಸುತ್ತಿದ್ದರು. ಮುಚ್ಚುಗಲ್ಲನ್ನು ಉರುಳಿಸಿಕೊಂಡು ಬರುತ್ತಿದ್ದರು. ಹಗೇವಿನೊಳಗೆ ಈರಬೋರ ಆ ಕಲ್ಲು ಉರುಳುವ ಸದ್ದು ಕೇಳುತ್ತ ನಿಂತಿದ್ದ. ಕೂರಲು ಜಾಗವಿರಲಿಲ್ಲ. ಸುತ್ತಲಿನ ರಾಗಿಯ ರಾಶಿಗೆ ಅವನ ಹೊಟ್ಟೆ ತಾಗಿತ್ತು. ಮೂರು ದಿನದಿಂದ ಒಂದು ಅಗುಳು ಕಂಡಿರಲಿಲ್ಲ. ಕರುಳು ಒಳಗೆ ಹಗ್ಗ ಹೊಸೆಯುತ್ತಿತ್ತು. ಅಷ್ಟು ದೊಡ್ಡ ಹೊಟ್ಟೆ, ಅಷ್ಟೂ ಖಾಲಿ. ಬೀಗದ ಕಂಡಿಯಲ್ಲಿ ತೂರುತ್ತಿದ್ದವನು ಕಳ್ಳ ಅನ್ನಿಸಿಕೊಂಡು ಮಣ್ಣಿನಡಿ ಹೋಗುವುದೇ? ಮೀಸೆ ಕೂಡ ಕೆಳಗಿಳಿದಿತ್ತು.

ಚಿಕ್ಕತಾಯಿ ಮೂರು ದಿನದಿಂದ ಬಾಯಿಯ ಪಕ್ಕದಿಂದ ಎದ್ದಿರಲಿಲ್ಲ. ಅವಳು ಅಳುತ್ತಿರಲಿಲ್ಲ, ಕಿವಿಗೊಟ್ಟು ಕೇಳುತ್ತಿದ್ದಳು. ಬಂದವರು ಬಗ್ಗುತ್ತಾರೆ. ಕೇಳುತ್ತಾರೆ. ಗಂಡ ಉತ್ತರ ಕೊಡುತ್ತಾನೆ. ಉಡಿದಾರ ಅಯ್ಯೋ ಅನ್ನುತ್ತದೆ. ಯಾರೂ ಬರದಿದ್ದರೆ ಉಡಿದಾರ ಸುಮ್ಮನಿರುತ್ತದೆ. ಅವಳಿಗೊಂದು ಅನುಮಾನ ಬಂತು. ಬಗ್ಗಿದಳು.

"ಏನಂದ್ರೆ, ಊಟ ಆಯ್ತಾ?"

"ಆಯ್ತು ಕಣಮ್ಮಿ. ನಿಂದು?"

"ಅಯ್ಯೋ!" ಅಂದಿತು ಉಡಿದಾರ.

ಚಿಕ್ಕತಾಯಿ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು. ಆಮೇಲೆ ಬಾಯಿ ತೆಗೆದಳು. ತೆಗೆದ ಮೇಲೆ ಮುಚ್ಚಲಿಲ್ಲ.

"ಏನ್ ಊಟ ಮಾಡಿದ್ರಿ?"

"ಏನೂ ಇಲ್ಲ."

"ಮತ್ತೆ ಆಯ್ತು ಅಂದ್ರಿ?"

"ಕೇಳ್ದೋರಿಗೆ ಇಲ್ಲ ಅನ್ನೋಕಾಯ್ತದಾ? ಅಷ್ಟೂ ಮರ್ಯಾದೆ ಬೇಡ್ವಾ?"

"ಅಯ್ಯೋ ನನ್ ದೊರೆ! ಹೊಟ್ಟೆಗೆ ಕಣ್ಣಿಲ್ಲ ಕಣ್ರೀ! ಬಾಯಿ ಏನ್ ಹೇಳ್ತದೋ ಅದನ್ನೇ ನಂಬ್ತದೆ! ನೀವು ಆಯ್ತು ಅಂದ್ರಿ, ಅದು ಆಯ್ತು ಅಂದ್ಕೊಂತು. ಮೂರು ದಿನದಲ್ಲಿ ಎರಡು ಸಾವಿರ ಊಟ ಮಾಡಿದೀರ ನೀವು!"

ಈರಬೋರನಿಗೆ ನಿಂತಲ್ಲೇ ತಲೆ ತಿರುಗಿತು. ಬೀಳಲು ಜಾಗವಿಲ್ಲದ್ದರಿಂದ ಬೀಳಲಿಲ್ಲ. ಎರಡು ಸಾವಿರ ಊಟ! ಸಾರಿಲ್ಲ, ಉಪ್ಪಿಲ್ಲ, ಒಂದು ತೇಗು ಕೂಡ ಇಲ್ಲ!

"ಇಲ್ಲ ಅನ್ನಿ" ಅಂದಳು ಚಿಕ್ಕತಾಯಿ. "ಊರೆಲ್ಲ ಕೇಳೋ ಹಂಗೆ ಊಟ ಆಗಿಲ್ಲ ಅನ್ನಿ."

"ನಾನಾ? ಈರಬೋರ ಹಸ್ಕೊಂಡವನೆ ಅಂತ ಈರಬೋರನೇ ಹೇಳೋದಾ? ನಾಳೆ ಕಟ್ಟೆ ಮೇಲೆ ಹೆಂಗ್ ಕೂರ್ಲಿ? ನೀನು ಗಂಡನಿಗೆ ಅನ್ನ ಹಾಕ್ಲಿಲ್ಲ ಅಂತಾರೆ. ನಿನ್ ಮರ್ಯಾದೆ?"

"ನನ್ ಮರ್ಯಾದೆ ಮೇಲೆ ಗಾಳೀಲಿ ಚೆನ್ನಾಗಿದೆ. ಕೆಳಗಿರೋದು ನೀವು."

ಕಲ್ಲು ಉರುಳುವ ಸದ್ದು ಹತ್ತಿರ ಬಂತು. ಈರಬೋರ ಮೀಸೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಕಣ್ಣು ಮುಚ್ಚಿದ. ಹುಟ್ಟಿದಾಗಿನಿಂದ ಹೇಳದ ಮಾತು ಗಂಟಲಿಗೆ ಬಂತು, ಹಿಂದೆ ಹೋಯಿತು, ಮತ್ತೆ ಬಂತು.

"ಊಟ ಆಗಿಲ್ಲಾ! ಮೂರು ದಿನದಿಂದ ಆಗಿಲ್ಲಾ! ಹೊಟ್ಟೆ ಹಸೀತಾ ಇದೇ!"

ಹೆಂಗಸರು ಕಿವಿ ಮುಚ್ಚಿಕೊಂಡರು. ಗಂಡಸರು ಆಚೆ ಈಚೆ ನೋಡಿದರು. ಒಬ್ಬ ಮುದುಕಪ್ಪ ಎಚ್ಚರ ತಪ್ಪಿ ಬಿದ್ದ. ಉಡಿದಾರ ಮಾತ್ರ ಮೂರು ದಿನದಲ್ಲಿ ಮೊದಲ ಸಲ "ಉಸ್ಸಪ್ಪಾ" ಅಂದಿತು. ಅರ್ಧ ಬೆರಳು ಸಡಿಲವಾಗಿತ್ತು.

ಅರ್ಧ ಬೆರಳು ಎಲ್ಲಿಗೆ ಸಾಕು? ರಾಜ ಅಷ್ಟರಲ್ಲಿ ಬಂದೇಬಿಟ್ಟ. ಬೆಳಗಿನಿಂದ ಅವನು ಮುಚ್ಚುಗಲ್ಲಿನ ಅಂಚು ದುಂಡಗಿದೆಯೇ ಅಂತ ನೋಡುತ್ತಿದ್ದ. ನೀರು ಕೂಡ ಕುಡಿದಿರಲಿಲ್ಲ.

"ಏನದು ಕೂಗು? ನನ್ನ ರಾಜ್ಯದಲ್ಲಿ ಒಬ್ಬನಿಗೆ ಊಟ ಆಗಿಲ್ಲವೇ? ಪಕ್ಕದ ರಾಜ ಕೇಳಿದರೆ ನನ್ನ ಮಾನ ಉಳಿಯುತ್ತದೆಯೇ? ಇನ್ನು ಮೇಲೆ ಈ ರಾಜ್ಯದಲ್ಲಿ ಊಟ ಆಗಿಲ್ಲ ಅಂದವರ ನಾಲಗೆ ಸೀಳಿ! ಹಾಕಿ ಕಲ್ಲು!"

ಚಿಕ್ಕತಾಯಿ ಎದ್ದು ನಿಂತಳು. ಸೆರಗು ಸರಿಮಾಡಿಕೊಂಡಳು. ರಾಜನ ಸೊಂಟಕ್ಕೆ ಕೈಮುಗಿದಳು. ಬಹಳ ಮರ್ಯಾದೆಯಿಂದ ಕೇಳಿದಳು.

"ಬುದ್ಧಿ, ತಮ್ದು ಊಟ ಆಯ್ತಾ?"

ರಾಜ ಬಾಯಿ ತೆಗೆದ. ಆಗಿಲ್ಲ ಅಂದರೆ ಈಗ ತಾನೇ ಮಾಡಿದ ಕಾನೂನು ತನ್ನ ನಾಲಗೆಗೇ ಬರುತ್ತದೆ. "ಆಯ್ತು" ಅಂದ.

ಕಿರೀಟ ಕಿರ್ರೆಂದಿತು.

ಜನಕ್ಕೆ ಹೊಳೆಯಿತು. ಹೊಳೆಯದವರೂ ಮರ್ಯಾದೆಗೆ ಸಾಲು ನಿಂತರು. "ಬುದ್ಧಿ, ಊಟ ಆಯ್ತಾ?" "ಆಯ್ತು." ಕಿರ್ರ್. "ಊಟ ಆಯ್ತಾ ಬುದ್ಧಿ?" "ಆಯ್ತಯ್ಯಾ!" ಕಿರ್ರ್. ಮುಚ್ಚುಗಲ್ಲು ಉರುಳಿಸುವವರು ಕಲ್ಲು ಬಿಟ್ಟು ಬಂದು ಕೇಳಿದರು. ಮಣ್ಣು ಕಲಸುವವರು ಮಣ್ಣಿನ ಕೈಯಲ್ಲೇ ಬಂದು ಕೇಳಿದರು. ಬೋರಲು ಬಿದ್ದಿದ್ದ ಕೊಳಗ ಕೂಡ ಬೋರಲಾಗಿಯೇ ಕೇಳಿತು. ಕೊನೆಗೆ ಹಗೇವಿನೊಳಗಿನಿಂದ ದೊಡ್ಡ ದನಿ ಬಂತು.

"ಬುದ್ಧೀ! ಊಟ ಆಯ್ತಾ?"

"ಆಯ್ತು! ಆಯ್ತು! ಆಯ್ತು!" ಅಂತ ರಾಜ ಅರಚಿದ.

ಒಂದಕ್ಕೆ ಮೂರು. ಬಂಗಾರ ಮೆತ್ತನೆಯ ಲೋಹ. ರಾಜ ಹಿಗ್ಗಿದ ಹಾಗೆ ಕಿರೀಟವೂ ಹಿಗ್ಗಿತು. ಒಂದು ಗೇಣು, ಒಂದೂವರೆ ಗೇಣು, ಎರಡು ಗೇಣು. ರಾಜ ಕೆಳಗೆ ನೋಡಿಕೊಂಡ. ಹೌಹಾರಿದ. ಆಮೇಲೆ ಹಗೇವಿನ ಬಾಯಿ ನೋಡಿದ. ಇನ್ನೂ ಹೆಚ್ಚು ಹೌಹಾರಿದ.

"ಅಯ್ಯಯ್ಯೋ! ಹಗೇವಿನ ಬಾಯಿ ಕಿರೀಟಕ್ಕಿಂತ ಚಿಕ್ಕದಾಗಿದೆ! ಎಳ್ಳಿನಷ್ಟಲ್ಲ, ಎರಡು ಗೇಣು! ಕಲ್ಲುಕುಟಿಗ! ಯಾರಲ್ಲಿ? ಒಡೆಯಿರಿ, ಅಗಲ ಮಾಡಿ, ಕಿರೀಟದಷ್ಟೇ ಆಗಬೇಕು!"

ಕಲ್ಲುಕುಟಿಗ ಉಳಿ ಹಿಡಿದು ರಾಜನ ಸೊಂಟದ ಅಳತೆ ನೋಡಿ ನೋಡಿ ಕಡಿದ. ಬಾಯಿ ಅಗಲವಾಯಿತು. ಹಗ್ಗ ಇಳಿಬಿಟ್ಟರು. ತಲೆ ಬಂತು. ಭುಜ ಬಂತು. ಉಸಿರು ಬಿಗಿಹಿಡಿದು ಎಳೆದರು. ಸೊಂಟ ಬಂತು!

ಈರಬೋರ ಮೇಲೆ ನಿಂತ. ಮುಂದಿನಿಂದಲೂ ಕಾಣುತ್ತಿದ್ದ, ಪಕ್ಕದಿಂದಲೂ ಕಾಣುತ್ತಿದ್ದ. ಜನ ಅವನನ್ನು ಅಲ್ಲಿಯ ತನಕ ಪೂರ್ತಿ ನೋಡಿಯೇ ಇರಲಿಲ್ಲ. "ನೋಡ್ರಲಾ" ಅಂದ. "ಒಂದು ಕಾಳು ಮುಟ್ಟಿಲ್ಲ. ಏಳು ತಲೆಮಾರಲ್ಲಿ ನಾನೇ ದೊಡ್ಡೋನು." ಇಷ್ಟಾದ ಮೇಲೂ ಮೀಸೆಗೆ ಕೈ ಹೋಯಿತು.

ಅಷ್ಟರಲ್ಲಿ ಒಂದು ಹನಿ ಬಿತ್ತು. ಎರಡು ಹನಿ ಬಿತ್ತು. ಮುಚ್ಚುಗಲ್ಲು ತಂದು ಹಾಕಿದರು. ಕಲ್ಲು ಹಳೆಯ ಬಾಯಿಯ ಅಳತೆಯದು. ಹೊಸ ಬಾಯಲ್ಲಿ ದುಡುಂ ಅಂತ ಒಳಗೆ ಬಿದ್ದುಹೋಯಿತು. ಊರಿನ ರಾಗಿ! ಎಲ್ಲರೂ ಬೆಪ್ಪಾಗಿ ಒಬ್ಬರ ಮುಖ ಒಬ್ಬರು ನೋಡಿದರು. ಎಳ್ಳಿನಷ್ಟೂ ಹೆಚ್ಚು ಕಡಿಮೆ ಇಲ್ಲದೆ ಆ ಬಾಯಿಗೆ ಸರಿಹೊಂದುವ ವಸ್ತು ಲೋಕದಲ್ಲಿ ಒಂದೇ ಇತ್ತು. ಅದರ ನಡುವೆ ರಾಜ ಇದ್ದ. ಕಿರೀಟ ಅವನ ಸೊಂಟದಿಂದ ಬಿಚ್ಚಿ ಬರುತ್ತಿರಲಿಲ್ಲ.

ಎತ್ತಿ ಕೂರಿಸಿದರು. ಟಪ್ ಅಂತ ಕೂತ. ಒಂದು ಹನಿ ಕೂಡ ಒಳಗಿಳಿಯಲಿಲ್ಲ.

ಮಳೆ ಸುರಿಯಿತು. ಮೊದಮೊದಲು ರಾಜ ಬೈದ. ಆಮೇಲೆ ತಾನು ಕೂತಿರುವುದು ಎಷ್ಟು ದುಂಡಗಿದೆ ಅಂತ ನೋಡಿ ಸ್ವಲ್ಪ ಸಮಾಧಾನ ಮಾಡಿಕೊಂಡ. ಅಂಬಲಿ ಹೊತ್ತು ಬಂದ ಅರಮನೆಯವರು ಮೊದಲು "ಊಟ ಆಯ್ತಾ ಬುದ್ಧಿ?" ಅಂತ ಕೇಳಿದರು. ರಾಜ "ಆಯ್ತು" ಅಂದ. ಅವರು ಅಂಬಲಿ ವಾಪಸ್ ತೆಗೆದುಕೊಂಡು ಹೋದರು. ಎರಡು ದಿನ ಹೀಗೇ ನಡೆಯಿತು. ಕಿರೀಟ ಕಿರ್ರೆನ್ನುತ್ತಲೇ ಇತ್ತು.

ಮೂರನೆಯ ದಿನ ಈರಬೋರ ಮನೆಯಲ್ಲಿ ಮುದ್ದೆ ಮುರಿಯುತ್ತ ಕೂತಿದ್ದ. ನಾಲ್ಕನೆಯ ಮುದ್ದೆ. ಮುರಿದ ತುತ್ತು ಬಾಯಿಯ ಹತ್ತಿರ ಹೋಗಿ ನಿಂತಿತು. ಒಳಗೆ ಹಗ್ಗ ಹೊಸೆಯುವ ಕರುಳಿನ ಸದ್ದು ಅವನಿಗೆ ಮರೆತಿರಲಿಲ್ಲ.

"ಅಮ್ಮಿ, ಒಂದು ಮುದ್ದೆ ಕಟ್ಟಿ ಕೊಡು. ಸಾರು ಜಾಸ್ತಿ ಹಾಕು."

"ಯಾರಿಗೆ? ಆ ಮುಚ್ಚಳಕ್ಕಾ? ನಿಮ್ಮನ್ನ ಮಣ್ಣು ಮಾಡೋಕೆ ಹೊಂಟಿದ್ದೋನಿಗೆ?"

"ಮೂರು ದಿನ ಆಯ್ತು ಕಣೆ."

ಚಿಕ್ಕತಾಯಿ ಗೊಣಗುತ್ತ ಕಟ್ಟಿದಳು. ಗೊಣಗುತ್ತಲೇ ತುಪ್ಪ ಹಾಕಿದಳು. ಈರಬೋರ ಹೋದ. ರಾಜನ ಪಕ್ಕ ಕುಕ್ಕರಗಾಲಲ್ಲಿ ಕೂತ. ಊಟ ಆಯ್ತಾ ಅಂತ ಕೇಳಲಿಲ್ಲ.

"ಬುದ್ಧಿ, ಹಸಿವಾಗ್ತಾ ಇದ್ಯಾ?"

ಹಾಗೆ ರಾಜನನ್ನು ಯಾರೂ ಕೇಳಿರಲಿಲ್ಲ. ಅದಕ್ಕೆ ಹೇಳಬೇಕಾದ ಉತ್ತರ ಯಾವ ಕಟ್ಟಳೆಯಲ್ಲೂ ಇರಲಿಲ್ಲ. ರಾಜ ಆ ಕಡೆ ನೋಡಿದ. ಈ ಕಡೆ ನೋಡಿದ.

"ಹೂಂ ಕಣಯ್ಯ. ತುಂಬಾ."

ಕಿರೀಟ "ಉಸ್ಸಪ್ಪಾ" ಅಂದಿತು.

ಇಲ್ಲಿಗೆ ಹಗೇವಿನ ಬಾಯಿ ಮುಚ್ಚಿತು, ನಮ್ಮ ಬಾಯೂ ಮುಚ್ಚಿತು. ನೀತಿ ಬೇಕೇ ಬೇಕು ಅನ್ನುವವರು ಇಷ್ಟು ಕೇಳಿಕೊಂಡು ಎದ್ದು ಹೋಗಿ: ಯಾರಾದರೂ ದಪ್ಪಗಾಗಿದ್ದು ಕಂಡರೆ ಏನು ತಿಂದೆ ಅಂತ ಕೇಳಬೇಡಿ. ಎಷ್ಟು ಜನ ಕೇಳಿದರು ಅಂತ ಕೇಳಿ. ಅದನ್ನೂ ತಟ್ಟೆ ಮುಂದಿಟ್ಟು ಕೇಳಿ.